ಮರಿಯಮ್ಮನ ನೀರಿನ ಬಾಟಲಿ

ಗೋಣಿಬೀಡಿನ ಹತ್ತಿರದ ನಮ್ಮ ಎಸ್ಟೇಟಿನ ಕೂಲಿಯವರ ಲೈನ್‌ಮನೆಯಲ್ಲಿ ಮರಿಯಮ್ಮನಿಗೂ ನನಗೂ ಒಂದೇ ಗೋಡೆ. ಕಾಫಿ ಕುಯ್ಯುವುದರಲ್ಲಿ ಅವಳನ್ನು ಹಿಂದೆ ಹಾಕಿದವರನ್ನು ನಾನು ಕಂಡಿಲ್ಲ. ಹಟದಲ್ಲೂ ಅಷ್ಟೇ.

ಅವಳ ಒಂದು ಕಿಡ್ನಿ ಹಿಂದೆಯೇ ಕಲ್ಲು ಕಟ್ಟಿ ಕೆಟ್ಟುಹೋಗಿತ್ತು. ಉಳಿದದ್ದರಲ್ಲೂ ಕಲ್ಲಾದಾಗ ಚಿಕ್ಕಮಗಳೂರಿನಲ್ಲಿ ಮೆಷಿನ್ ಇಟ್ಟು ಒಡೆದರು. ಒಡೆದ ಚೂರುಗಳು ಮಾತ್ರ ಕಿಡ್ನಿಯ ತಳದಲ್ಲೇ ಕೂತುಬಿಟ್ಟವು.

"ಲೋಟದಲ್ಲಿ ಕಾಫಿ ಚರಟ ಕೂತ ಹಾಗೆ. ನೆಟ್ಟಗಿಟ್ಟರೆ ಬರಲ್ಲ, ನೀರು ಹಾಕಿ ಬಗ್ಗಿಸಬೇಕು" ಎಂದರು ಡಾಕ್ಟರು. ಹಗಲೆಲ್ಲ ನೀರು ಕುಡಿಯಬೇಕು. ತಲೆ ಕೆಳಗೆ, ಸೊಂಟ ಮೇಲೆ ಬರುವಂತೆ ಇಳಿಜಾರಲ್ಲಿ ಬೋರಲು ಮಲಗಬೇಕು. ಇನ್ನೊಬ್ಬರು ಅಂಗೈ ಬಗ್ಗಿಸಿ ಪಕ್ಕೆಯ ಹಿಂದೆ ಮೆಲ್ಲಗೆ ತಟ್ಟಬೇಕು. ಆಮೇಲೆ ಉಚ್ಚೆಯನ್ನು ಜಾಲರಿಯಲ್ಲಿ ಸೋಸಿ ನೋಡಬೇಕು. ಮುಂದಿನ ಸ್ಕ್ಯಾನಿಂಗಿನ ಹೊತ್ತಿಗೆ ಚೂರು ಹೋಗದಿದ್ದರೆ ಬೆನ್ನಿಗೆ ತೂತು ಕೊರೆಯಬೇಕು. ಇರುವುದೇ ಒಂದು ಕಿಡ್ನಿ, ಹೆಚ್ಚುಕಮ್ಮಿಯಾದರೆ ಮುಗಿಯಿತು.

ಇಳಿಜಾರಿಗೆ ನಮ್ಮಲ್ಲಿ ಬರವೇ? ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮರಿಯಮ್ಮ ಸಿಲ್ವರ್ ಮರದ ಬುಡದಲ್ಲಿ ಹಳ್ಳದ ಕಡೆ ತಲೆ ಹಾಕಿ ಮಲಗುತ್ತಿದ್ದಳು, ನಾನು ತಟ್ಟುತ್ತಿದ್ದೆ.

"ತುಂಗಮ್ಮ, ಅಕ್ಕಿರೊಟ್ಟಿ ತಟ್ತಿದ್ದೀಯೇನೇ?" ಎಂದು ಜೊತೆಯವರು ನಗುತ್ತಿದ್ದರು. ಜಾಲರಿಯಲ್ಲಿ ಮಾತ್ರ ಒಂದು ಹರಳೂ ಸಿಗಲಿಲ್ಲ. ನನಗೆ ದಿನದಿನಕ್ಕೂ ಭಯ ಹೆಚ್ಚಿತು.

ಸ್ಕ್ಯಾನಿಂಗಿನ ಹಿಂದಿನ ದಿನ, ಉದುರಿದ ಕಾಫಿ ಹಣ್ಣು ಆರಿಸುತ್ತಿದ್ದ ನನಗೆ ಒಂದು ಗಿಡದ ಬುಡ ಒದ್ದೆಯಾಗಿ ಕಂಡಿತು. ಮಳೆಯಿಲ್ಲ, ಸ್ಪ್ರಿಂಕ್ಲರ್ ಇನ್ನೂ ಶುರುವಾಗಿಲ್ಲ. ಪಕ್ಕದಲ್ಲೇ ಮರಿಯಮ್ಮನ ಬಾಟಲಿ ಖಾಲಿ ಬಿದ್ದಿತ್ತು. ನನಗೆ ಮೈಯೆಲ್ಲ ಉರಿಯಿತು.

"ಗಿಡಕ್ಕೆ ಕುಡುಸ್ತಿದ್ದೀಯೇನೇ? ನಾನಿಲ್ಲಿ ಒಣ ಬೆನ್ನು ತಟ್ಟಿ ಸಾಯ್ತಿದ್ದೀನಿ!"

ಮರಿಯಮ್ಮ ಮೇಲೆ ಕೈ ತೋರಿಸಿದಳು. ಮರಮರಕ್ಕೂ ಏಣಿ ಹಾಕಿ ಎಂದಿನಂತೆ ಗಂಡಸರು ಕಾಳುಮೆಣಸು ಕುಯ್ಯುತ್ತಿದ್ದರು. "ಕುಡುದ್ರೆ ಹೋಗ್ಬೇಕಲ್ಲ ಮಾರಾಯ್ತಿ. ಎಲ್ಲಿಗ್ ಹೋಗ್ಲಿ? ಯಾವ ಗಿಡದ ಮರೇಲಿ ಕೂತ್ರೂ ಮೇಲಿಂದ ಕಾಣ್ತದೆ."

"ಸತ್ತು ಹೋಗ್ತೀಯಲ್ಲೇ!"

"ನೀನ್ ಬೆಳಗ್ಗಿಂದ ಎಷ್ಟು ಕುಡುದೆ?"

ನನ್ನ ಬಾಟಲಿ ತುಂಬಿದ ಹಾಗೇ ಇತ್ತು. ಆ ಸಿಟ್ಟನ್ನೆಲ್ಲ ಮೇಸ್ತ್ರಿಯ ಮೇಲೆ ತಿರುಗಿಸಿದೆ.

"ಭೂತಯ್ಯಣ್ಣ, ಏಣಿಯವ್ರನ್ನೆಲ್ಲ ಇಳಿಸಿ ಆಚೆ ಕಳ್ಸಿ!"

"ಕೆಲ್ಸ ನಿಲ್ಸಕ್ಕೆ ನೀನ್ಯಾರೆ?"

"ಇವಳ ಕಿಡ್ನಿ ನಿಂತ್ರೆ ನಿಮ್ದು ಕೊಡ್ತೀರಾ?"

ಭೂತಯ್ಯ ಮರಿಯಮ್ಮನ ಮುಖ ನೋಡಿದ. ಗಂಡಸರನ್ನು ಇಳಿಸಿಕೊಂಡು ಹಳ್ಳದಾಚೆಗೆ ಹೋದ.

ನನ್ನ ಬಾಟಲಿಯನ್ನು ಎದುರಿಗೆ ಕೂತು ಕುಡಿಸಿದೆ, ಇನ್ನಿಬ್ಬರು ತಮ್ಮದನ್ನೂ ಕೊಟ್ಟರು. ನೀರು ಇಳಿಯುವವರೆಗೆ ಕಾದು, ಮಲಗಿಸಿ ತಟ್ಟಿದೆ. ಎದ್ದು ನಿಂತ ಸ್ವಲ್ಪ ಹೊತ್ತಿಗೆ ಮರಿಯಮ್ಮ "ಅಯ್ಯೋ!" ಎಂದು ಪಕ್ಕೆ ಹಿಡಿದು ಕುಸಿದಳು. ಹಣ್ಣು ಹಾಸುವ ಟಾರ್ಪಲ್ಲನ್ನು ಹೆಂಗಸರು ಅವಳ ಸುತ್ತ ಹಿಡಿದರು.

"ಬರ್ತಿಲ್ಲ ಕಣೇ ತುಂಗಿ."

ಚೂರು ನಡುದಾರಿಯಲ್ಲಿ ಸಿಕ್ಕಿಕೊಂಡಿತೇ? ತಟ್ಟಿ ತಟ್ಟಿ ನಾನೇ ಇವಳನ್ನು ಕೊಂದೆನೇ? ಜೀಪು ತರಿಸಿ ಎಂದು ಹಳ್ಳದಾಚೆಗಿದ್ದ ಭೂತಯ್ಯನಿಗೆ ಕೂಗಿದೆ. ಬಿಸಿಲು ಪಕ್ಕದ ಸಾಲಿಗೆ ಸರಿದರೂ ಜೀಪು ಬರಲಿಲ್ಲ, ಒಳಗೆ ಅವಳ ನರಳಾಟ ನಿಲ್ಲಲಿಲ್ಲ.

ಆಮೇಲೆ ನೀರು ಬಿದ್ದ ಸದ್ದು. ಹಿಂದೆಯೇ ಸ್ಟೀಲ್ ಜಾಲರಿಯಲ್ಲಿ ಟಿಣ್ ಎಂದಿತು. ಮತ್ತೊಂದು, ಇನ್ನೊಂದು.

ಮರಿಯಮ್ಮ ಜಾಲರಿ ಹಿಡಿದು ಈಚೆ ಬಂದಳು. ನಾನು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಟಾರ್ಪಲ್ ಮಡಚಲು ಹೋದರೆ, ನಮ್ಮಲ್ಲೆಲ್ಲ ಹಿರಿಯಳಾದ ಮುದ್ದಮ್ಮ ತಡೆದಳು.

"ಇಳಿಸ್ಬೇಡ್ರೇ. ನಾನೂ ಹೋಗ್ತೀನಿ."

ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ನಿಂತರು. ಕೊನೆಯವಳು ನಾನು. ನನಗೆ ಟಾರ್ಪಲ್ ಹಿಡಿದವಳು ಮರಿಯಮ್ಮ.