ನಡುವಿನ ಸೀಟಿನಲ್ಲಿ ಕೂರದ ನಿಂಗತ್ತೆ

ನಿಂಗತ್ತೆ ಕಾರಿನಲ್ಲಿ ಎಲ್ಲಿ ಬೇಕಾದರೂ ಕೂರುತ್ತಿದ್ದಳು, ಹಿಂದಿನ ಸೀಟಿನ ನಡುವೆ ಮಾತ್ರ ಕೂರುತ್ತಿರಲಿಲ್ಲ. ಮದುವೆಗೆ ಹೊರಟಿರಲಿ, ಆಸ್ಪತ್ರೆಗೆ ಹೊರಟಿರಲಿ, ಜಾಗವಿಲ್ಲ ಎಂದು ಯಾರಾದರೂ ಅವಳನ್ನು ನಡುವೆ ತುರುಕಲು ನೋಡಿದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್‌ ಸ್ಟಾಪಿನ ಕಡೆ ನಡೆದೇಬಿಡುತ್ತಿದ್ದಳು. ನೆಂಟರು ಇದನ್ನು ಕೊಬ್ಬು ಎನ್ನುತ್ತಿದ್ದರು. ಅನ್ನಲಿ. ಆ ಕೊಬ್ಬು ಹುಟ್ಟಿದ ದಿನ ನಾನು ಅವಳ ಪಕ್ಕದಲ್ಲೇ ಇದ್ದೆ, ಅವರ್‍ಯಾರೂ ಇರಲಿಲ್ಲ.

ಅವಳು ನಮ್ಮಪ್ಪನ ತಂಗಿ. ಬಿಡದಿ ಕಡೆಯ ನಮ್ಮೂರಿನಿಂದ ಅವಳನ್ನು ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರಕ್ಕೆ ಕೊಟ್ಟಿದ್ದರು. ಮಕ್ಕಳಿರಲಿಲ್ಲ, ಮಾವ ಬೇಗ ತೀರಿಕೊಂಡಿದ್ದರು. ಒಂದೂವರೆ ಎಕರೆ ಹಿಪ್ಪುನೇರಳೆ ಇಟ್ಟುಕೊಂಡು ರೇಷ್ಮೆ ಹುಳು ಸಾಕುತ್ತಿದ್ದಳು. ಗೂಡಿನ ಮೂಟೆಯನ್ನು ಮೊಪೆಡ್ಡಿಗೆ ಬಿಗಿದುಕೊಂಡು ರಾಮನಗರದ ಮಾರುಕಟ್ಟೆಗೆ ತಾನೇ ಬರುತ್ತಿದ್ದಳು. ಏನು ಕೊಳ್ಳುವಾಗಲೂ ಅವಳ ಕೈ ಮೊದಲು ಹೋಗುತ್ತಿದ್ದದ್ದು ಅದರ ಅಡಿಗೆ. ಕೊಡ ಕೊಂಡರೆ ಬೋರಲು ಹಾಕಿ ತಟ್ಟುವಳು, ಎತ್ತು ಕೊಂಡರೆ ಗೊರಸು ಎತ್ತಿಸಿ ನೋಡುವಳು. "ಮೇಲ್ಗಡೆ ಎಲ್ಲಾನೂ ಚೆಂದಾಗೇ ಇರ್ತದೆ ಕಣವ್ವ. ಭಾರ ಹೊರೋದು ಕೆಳಗ್ಲುದು" ಎನ್ನುವಳು.

ನಾನು ರಾಮನಗರದಲ್ಲಿ ಡಿಗ್ರಿ ಓದುತ್ತಿದ್ದಾಗ ನಮ್ಮ ಕಡೆ ಕಾರ್ಖಾನೆಗಳ ಸುಗ್ಗಿ. ರಾಗಿ ಬೆಳೆಯುತ್ತಿದ್ದ ಹೊಲಕ್ಕೆ ಯಾವುದೋ ಕಂಪನಿಯವರು ಬೇಲಿ ಹಾಕಲು ಬಂದರು. ಅಪ್ಪ, ಚಿಕ್ಕಪ್ಪ ಇಬ್ಬರೂ ಮಾರಲು ಒಪ್ಪಿದರು. ಹೆಣ್ಣುಮಕ್ಕಳಿಗೂ ಪಾಲುಂಟು ಎಂಬ ಮಾತು ಆಗ ಊರೂರಿಗೂ ತಲುಪಿತ್ತು, ಹಾಗಾಗಿ ಅತ್ತೆ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕದಿದ್ದರೆ ಕಂಪನಿಯವರು ಮುಂದುವರಿಯುವಂತಿರಲಿಲ್ಲ. ಅದಕ್ಕೆ ನಮ್ಮಲ್ಲಿ ಒಂದು ಕ್ರಮವೇ ಇತ್ತು. ಅಕ್ಕತಂಗಿಯರನ್ನು ಕರೆಸಿ ನಾಲ್ಕು ದಿನ ಇಟ್ಟುಕೊಂಡು, ಬಾಡೂಟ ಹಾಕಿ, ಸೀರೆ ಕುಪ್ಪಸ ಕೊಟ್ಟು, ಅರಿಶಿನ ಕುಂಕುಮದ ಜೊತೆ ಕಾಗದ ಮುಂದಿಡುವುದು. ಅವರು ಕಣ್ಣೊರೆಸಿಕೊಂಡು ಸಹಿ ಹಾಕುವುದು. ಅತ್ತೆಯನ್ನೂ ಹಾಗೆಯೇ ಕರೆಸಿದರು. ಅಮ್ಮ ತಂದಿಟ್ಟಿದ್ದ ಸೀರೆ ಎಲೆಹಸಿರಿನದು.

ಜಮೀನು ಮಾರುವ ಸುದ್ದಿ ನೆಂಟರಿಗಿಂತ ಮೊದಲು ಕಾರು ಮಾರುವವರಿಗೆ ಗೊತ್ತಾಗುತ್ತಿದ್ದ ಕಾಲ ಅದು. ಬೆಂಗಳೂರಿನ ಶೋರೂಮುಗಳಿಂದ ಹುಡುಗರು ಟೈ ಕಟ್ಟಿಕೊಂಡು ನಮ್ಮ ತಿಪ್ಪೆಯ ಪಕ್ಕದಲ್ಲೇ ಕಾರು ತಂದು ನಿಲ್ಲಿಸಿದರು. ಬಿಳಿಯದೊಂದು, ಕಪ್ಪಿನದೊಂದು, ಬೂದು ಬಣ್ಣದ್ದೊಂದು. ಮೂರೂ ವಿದೇಶದವು, ಮೂರೂ ತಂತಮ್ಮ ಕಂಪನಿಯಲ್ಲಿ ಕಡಿಮೆ ಬೆಲೆಯವಂತೆ. ಆ ಕಡಿಮೆಯೇ ಇಪ್ಪತ್ತೈದು ಲಕ್ಷದ ಆಸುಪಾಸು. ಅವರು ಕೊಟ್ಟ ಇಂಗ್ಲಿಷಿನ ಪುಸ್ತಕ ಓದಿ ಹೇಳುವ ಕೆಲಸ ನನ್ನದಾಯಿತು. ಬಿಳಿ ಕಾರಿಗೆ ಇಂಜಿನ್ನಿನ ಶಕ್ತಿ ಮುಂದಿನ ಚಕ್ರಕ್ಕೆ, ಕಪ್ಪಿಗೆ ಹಿಂದಿನ ಚಕ್ರಕ್ಕೆ, ಬೂದು ಕಾರಿಗೆ ನಾಲ್ಕಕ್ಕೂ. ಬೆಲೆಯೂ ಅದೇ ಕ್ರಮದಲ್ಲಿ ಏರುತ್ತಿತ್ತು.

ಅಪ್ಪ, ಚಿಕ್ಕಪ್ಪ ಎ.ಸಿ.ಗೆ ಮುಖ ಒಡ್ಡಿ, ಸೀಟು ಒತ್ತಿ ನೋಡಿ, ಹೆದ್ದಾರಿಯಲ್ಲಿ ಬಿಡದಿಯವರೆಗೆ ಹೋಗಿಬಂದು, ಮೂರೂ ಸೂಪರ್ ಎಂದುಬಿಟ್ಟರು. ಅತ್ತೆ ಒಪ್ಪಲಿಲ್ಲ. ನುಣ್ಣನೆಯ ದಾರಿಯಲ್ಲಿ ಕುಂಟೆತ್ತೂ ಓಡುತ್ತದೆ, ರಾಮನಗರದಿಂದ ಮಾಗಡಿ ರಸ್ತೆಯ ತಿರುವುಗಳಿಗೆ ಹೊಡೆಯಿರಿ ಎಂದಳು. ಅವಳ ಸಹಿ ಬೇಕಾಗಿದ್ದ ವಾರ, ಎದುರು ಮಾತಾಡುವ ಧೈರ್ಯ ಯಾರಿಗಿತ್ತು? ಹೊಸ ಗಾಡಿಯ ಪೂಜೆಗೆಂದು ಅಮ್ಮ ಆಗಲೇ ತಂದಿಟ್ಟಿದ್ದ ನಿಂಬೆಹಣ್ಣುಗಳಲ್ಲಿ ಒಂದನ್ನು ಅತ್ತೆ ಊಟದ ತಟ್ಟೆಯ ನಡುವೆ ಇಟ್ಟು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಟೈ ಕಟ್ಟಿದ ಹುಡುಗ ನಕ್ಕ. ಬಿಳಿ ಕಾರು ಬಂಡೆಗಳ ನಡುವಿನ ಎರಡನೇ ತಿರುವಿಗೆ ಹೊರಳುವಷ್ಟರಲ್ಲಿ ನಿಂಬೆಹಣ್ಣು ಅಂಚಿಗೆ ಹೋಗಿ ಚಿಕ್ಕಪ್ಪನ ಮಡಿಲಿಗೆ ಬಿತ್ತು. ಕಪ್ಪು ಕಾರಿನಲ್ಲಿ ಅದು ಒಸಿ ಸರಿದು, ತಿರುವು ಮುಗಿಯುತ್ತಲೇ ಹಿಂದಕ್ಕೆ ಬಂತು. ಬೂದು ಕಾರಿನಲ್ಲೂ ಬೀಳಲಿಲ್ಲ. ಹುಡುಗರ ನಗು ಅಷ್ಟೊತ್ತಿಗೆ ನಿಂತಿತ್ತು.

ಊರ ಅರಳಿಕಟ್ಟೆಯ ಮೇಲೆ ಕೂತು ಅವಳು ತೀರ್ಪು ಕೊಟ್ಟಳು. "ನಾಲ್ಕ್ ಕಾಲ್ಗೂ ಕೆಲಸ ಕೊಟ್ಟೋನು ಕಾಸೂ ಹಂಗೇ ಕೇಳ್ತಾನೆ, ನಮ್ಗೇನು ಬೆಟ್ಟ ಹತ್ತಬೇಕಾ? ಬಿಳೇದ್ರಲ್ಲಿ ಎಳೆಯೋದೂ ಮುಂದ್ಲ ಚಕ್ರವೇ, ತಿರುಗೋದೂ ಅದೇ. ಅದಕ್ಕೆ ಉಸ್ರು ಕಟ್ಟಲ್ವಾ? ಕರೇದು ಸರ್‍ಯಾಗೈತೆ. ಹಿಂದ್ಲುದು ತಳ್ತದೆ, ಮುಂದ್ಲುದು ದಾರಿ ನೋಡ್ಕತದೆ." ಕಪ್ಪು ಕಾರಿನ ಹುಡುಗ, ನನಗೆ ಕೊಟ್ಟಿದ್ದ ಪುಸ್ತಕದಲ್ಲಿ ಇದೇ ಮಾತು ಎರಡು ಪುಟ ಇದೆ ಎಂದು ಒಪ್ಪಿಕೊಂಡ.

ಆದರೆ ಕಪ್ಪು ಕಾರಿಗೆ ಒಂದು ಕುಂದಿತ್ತು. ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಉದ್ದನೆಯ ಕಂಬಿ ನಡುವೆ ಹಾದುಹೋಗುವುದರಿಂದ, ಹಿಂದೆ ಕೂತವರ ಕಾಲ ಬಳಿ ನೆಲ ದಿಬ್ಬದ ಹಾಗೆ ಎದ್ದಿತ್ತು. ನಡುವೆ ಕೂತವರು ಮೊಣಕಾಲು ಎತ್ತಿಕೊಂಡೇ ಇರಬೇಕು. ಅಲ್ಲಿ ಕೂರುವವರು ಯಾರು ಎಂದು ಚಿಕ್ಕಪ್ಪ ಕೇಳಿದರು. ಅಪ್ಪ ಯೋಚನೆಯನ್ನೂ ಮಾಡಲಿಲ್ಲ. "ನಿಂಗಿ ಕೂತ್ಕತಾಳೆ ಬುಡು. ಹಬ್ಬ ಹರಿದಿನಕ್ಕೆ ಬಂದೋಗೋಳು, ಎಲ್ಲಿ ಕೂತ್ರೇನು" ಎಂದರು.

ಅಪ್ಪ ಕೆಟ್ಟವರಾಗಿರಲಿಲ್ಲ. ಅದಕ್ಕೇ ಆ ಮಾತು ಇವತ್ತಿಗೂ ನನಗೆ ಉರಿಯುತ್ತದೆ. ಅತ್ತೆ ನಿಂಬೆಹಣ್ಣನ್ನು ಮಡಿಲಿಗೆ ಹಾಕಿಕೊಂಡು ಎದ್ದಳು.

ಮಾರನೆಯ ದಿನ ನೋಂದಣಿ ಕಚೇರಿಯಲ್ಲಿ ಕಾಗದ ಮುಂದಿಟ್ಟಾಗ ಅವಳು ಪೆನ್ನು ಹಿಡಿದು, ಇದರಲ್ಲಿ ಏನಿದೆ ಓದು ಎಂದು ನನ್ನನ್ನು ಕೇಳಿದಳು. ಓದಿದೆ. ಸದರಿ ಸ್ವತ್ತಿನಲ್ಲಿ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವುದೇ ಹಕ್ಕು ಇರುವುದಿಲ್ಲ ಎಂದಿತ್ತು. ಅವಳು ಪೆನ್ನಿಗೆ ಮುಚ್ಚಳ ಹಾಕಿ, ಕಾಗದದ ಜೊತೆ ತಂದಿದ್ದ ಎಲೆಹಸಿರು ಸೀರೆಯ ಮೇಲೆ ಇಟ್ಟಳು. ತನ್ನ ಪಾಲಿಗೆ ತಾನೇ ಸಹಿ ಹಾಕಿ ಮಾರುವುದಾದರೆ ಈಗಲೇ ಸಿದ್ಧ, ಬಿಟ್ಟುಕೊಡುವುದಕ್ಕಲ್ಲ ಎಂದಳು. ಕಚೇರಿಯ ಜನ ತಿರುಗಿ ನೋಡಿದರು. ಅಪ್ಪನ ಮುಖ ಕೆಂಪಾಯಿತು.

"ತವರು ಬೇಕೋ, ಪಾಲು ಬೇಕೋ? ಒಂದ್ ಹೇಳು" ಎಂದರು.

"ಎಲ್ಡೂ ಬೇಕು ಕಣಣ್ಣಯ್ಯ" ಎಂದಳು ಅತ್ತೆ.

ಒಂದು ತಿಂಗಳು ಎಳೆದಾಡಿ ಕೊನೆಗೆ ಅವಳ ಪಾಲಿನ ದುಡ್ಡು ಅವಳಿಗೆ ಸಿಕ್ಕಿತು. ಅಪ್ಪ, ಚಿಕ್ಕಪ್ಪ ಸೇರಿ ಬಿಳಿ ಕಾರು ಕೊಂಡು, ಇನ್ನು ಅವಳು ನಮ್ಮ ಹೊಸಿಲು ತುಳಿಯಕೂಡದು ಎಂದು ಹೇಳಿಕಳಿಸಿದರು. ಅವಳು ಕಪ್ಪು ಕಾರು ಕೊಂಡಳು. ಆ ದುಡ್ಡನ್ನು ಬ್ಯಾಂಕಿನಲ್ಲಿಡಬಹುದಿತ್ತು ಎಂದು ಬುದ್ಧಿ ಹೇಳಲು ಹೋದವರಿಗೆ, ನಿಮ್ಮ ಗಂಡಸರಿಗೂ ಹೇಳಿದ್ದಿರಾ ಎಂದು ಕೇಳುತ್ತಿದ್ದಳು. ಐವತ್ತು ದಾಟಿದ ಮೇಲೆ ಚನ್ನಪಟ್ಟಣದ ಡ್ರೈವಿಂಗ್ ಶಾಲೆಗೆ ಸೇರಿದಳು. ಬ್ರೇಕ್ ಒತ್ತುವಾಗ ಎತ್ತಿಗೆ ಹೇಳುವ ಹಾಗೆ "ಹೋ, ಹೋ" ಎನ್ನುವ ಅಭ್ಯಾಸ ಕೊನೆಯವರೆಗೂ ಬಿಡಲಿಲ್ಲ. ಆ ಕಾರಿನ ಚರ್ಮದ ಸೀಟಿನ ಮೇಲೆ ಹಳೇ ಪಂಚೆ ಹಾಸಿ ಗೂಡಿನ ಮೂಟೆ ಹೇರಿಕೊಂಡು ಮಾರುಕಟ್ಟೆಗೆ ಬರುತ್ತಿದ್ದಳು. ಗೇಟಿನವನು ಮೊದಲ ದಿನ ಯಾರೋ ಅಧಿಕಾರಿ ಎಂದುಕೊಂಡು ಸಲ್ಯೂಟ್ ಹೊಡೆದನಂತೆ.

ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳಿಗೆ ತವರಿನಿಂದ ಬಾಗಿನ ಹೋಗಬೇಕು. ಅವಳಿಗೆ ಹೋಗಲಿಲ್ಲ. ಹಬ್ಬದ ದಿನ ಅವಳೇ ಕಾರು ಓಡಿಸಿಕೊಂಡು ಬಂದು, ನಮ್ಮ ಬಾಗಿಲ ಮುಂದೆ ನಿಲ್ಲಿಸಿ, ಇಳಿಯದೆ ಹಾರನ್ ಹೊಡೆದಳು. ಹೊಸಿಲು ತುಳಿಯಬೇಡ ಎಂದಿದ್ದಾರೆ, ತುಳಿಯುವುದಿಲ್ಲ, ನನ್ನ ಬಾಗಿನ ಇಲ್ಲಿಗೇ ಬರಲಿ ಎಂದಳು. ಬೀದಿಯೆಲ್ಲ ಹೊರಗೆ ಬಂತು. ಅಪ್ಪ ಒಳಗೆ ಮಂಚ ಬಿಟ್ಟೇಳಲಿಲ್ಲ. ಅಮ್ಮ ಮೊರದ ಬಾಗಿನ ಹಿಡಿದು, ಅಪ್ಪನ ಕಡೆ ನೋಡದೆ ಹೊರಗೆ ಹೋದಳು. ಮರುವರ್ಷವೂ ಹಾಗೇ ಆಯಿತು.

ಮೂರನೆಯ ವರ್ಷ ಹಾರನ್ ಕೇಳಿದಾಗ ಅಪ್ಪ ತಾವೇ ಮೊರ ಎತ್ತಿಕೊಂಡು ಹೋಗಿ, ಕಿಟಕಿಯಲ್ಲಿ ಕೊಟ್ಟು, ಗಾಡಿ ಹೇಗಿದೆಯವ್ವ ಎಂದು ಕೇಳಿದರು. ಅತ್ತೆ ಇಳಿದು ಹಿಂದಿನ ಬಾಗಿಲು ತೆಗೆದಳು. "ನಡೂಕ್ಕೆ ಕೂತು ನೋಡಣ್ಣಯ್ಯ" ಎಂದಳು. ಅಪ್ಪ ಪಂಚೆ ಎತ್ತಿಕೊಂಡು ಒಳಗೆ ನುಸುಳಿ, ದಿಬ್ಬದ ಮೇಲೆ ಕಾಲಿಟ್ಟು, ಮೊಣಕಾಲು ಎದೆಗೆ ತಾಗುವಂತೆ ಕೂತರು. ಅವಳು ಅವರನ್ನು ಹಾಗೆಯೇ ಇಡೀ ಊರು ಸುತ್ತಿಸಿ ತಂದಳು. ಇಳಿದಾಗ ಅಪ್ಪನ ಕಣ್ಣಲ್ಲಿ ನೀರಿತ್ತು. ಬಾ ಒಳಕ್ಕೆ, ಉಂಡು ಹೋಗು ಎಂದರು. ಅವಳು ಹೊಸಿಲು ತುಳಿದೇ ಒಳಗೆ ಬಂದಳು.

ಕೊನೆಯ ಸಲ ಅವಳನ್ನು ಚನ್ನಪಟ್ಟಣದ ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಹೋದದ್ದು ನಾನೇ, ಅದೇ ಕಾರಿನಲ್ಲಿ. ಹಿಂದೆ ಮಲಗಿಕೋ ಎಂದರೂ ಕೇಳದೆ ಮುಂದೆ ಕೂತಳು. ಕಡ್ಡಿಯಂತಾಗಿದ್ದಳು. ತಿರುವುಗಳಲ್ಲಿ ಮೆಲ್ಲಗೆ "ಹೋ, ಹೋ" ಎನ್ನುತ್ತಿದ್ದಳು. ಮನೆ ಮುಂದೆ ನಿಲ್ಲಿಸಿದಾಗ ಕಾರಿನ ಬೀಗದ ಕೈ ಹಿಂದಕ್ಕೆ ಕೊಡಲು ಹೋದೆ. "ನಿನ್ ತಾವೇ ಇರ್ಲಿ" ಎಂದಳು. ಇಪ್ಪತ್ತು ದಿನಕ್ಕೆ ಹೋಗಿಬಿಟ್ಟಳು.

ಈಗ ಅಪ್ಪನೂ ಇಲ್ಲ. ರಸ್ತೆ ಪಕ್ಕದ ಉಳಿದ ಜಮೀನಿಗೆ ಗಿರಾಕಿ ಬಂದಿದ್ದಾರೆ. ಹೋದ ವಾರ ನನ್ನ ತಮ್ಮ ನನ್ನ ಗಂಡನ ಮನೆಗೆ ಹಣ್ಣು, ಹೂವು, ಒಂದು ರೇಷ್ಮೆ ಸೀರೆ ತಂದಿದ್ದ, ಕೆಳಗೆ ಕಾಗದವೂ ಇತ್ತು. ಓದಿದೆ, ಅದೇ ಸಾಲು. ಅವನು ತಲೆ ತಗ್ಗಿಸಿಕೊಂಡು, ಅಕ್ಕ ನಿನಗೆ ತವರು ಬೇಡವಾ ಎಂದು ಕೇಳಿದ. ಸೀರೆ ಚೆನ್ನಾಗಿತ್ತು, ಒಳಗಿಟ್ಟೆ. ಕಾಗದವನ್ನು ಮಡಚಿ ಅವನ ಜೇಬಿಗೆ ಹಾಕಿದೆ. ಗೌರಿ ಹಬ್ಬಕ್ಕೆ ಅತ್ತೆಯ ಕಾರಿನಲ್ಲೇ ಬರುತ್ತೇನೆ, ಬಾಗಿನ ಎತ್ತಿಟ್ಟಿರು ಎಂದೆ.