ತುಟಿ ತೋಯುವಷ್ಟು ನೀರು

ಯಾದಗಿರಿಯ ನಮ್ಮ ಆಸ್ಪತ್ರೆಯ ಐಸಿಯುಗೆ ನಾನು ನರ್ಸಾಗಿ ಸೇರಿದಾಗ ಸಾಹೇಬ್ರ ತಲೆಗೂದಲು ಇನ್ನೂ ಕಪ್ಪಗಿತ್ತು. ಆ ವಾರ್ಡನ್ನು ಕಟ್ಟಿ ಬೆಳೆಸಿದ ಡಾಕ್ಟರೇ ಅವರು. ಸಿಟ್ಟು ಮೂಗಿನ ತುದಿಯಲ್ಲಿ. ನನ್ನದೂ ಅಷ್ಟೇ. ದಿನಕ್ಕೆ ಒಂದು ಸಲವಾದರೂ ಜಗಳವಾಡದಿದ್ದರೆ ನಮ್ಮಿಬ್ಬರಿಗೂ ತಿಂದ ರೊಟ್ಟಿ ಅರಗುತ್ತಿರಲಿಲ್ಲ.

ಒಂದು ಕೆಲಸ ಮಾತ್ರ ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ರೋಗಿ ಉಳಿಯುವುದಿಲ್ಲವೆಂದು ಖಾತ್ರಿಯಾದರೆ ತಾವೇ ಹೊರಗೆ ಹೋಗಿ, ವರಾಂಡದ ನೆಲದ ಮೇಲೆ ಮನೆಯವರ ಪಕ್ಕ ಕೂರುತ್ತಿದ್ದರು. "ನಮ್ಮ ಕೈಲಾದದ್ದೆಲ್ಲ ಮಾಡೀವ್ರಿ. ಬರ್ರಿ, ನೀರು ಬಿಡ್ರಿ," ಅನ್ನುತ್ತಿದ್ದರು. ಹೋಗುವ ಜೀವದ ಬಾಯಿಗೆ ನೀರು ಬಿಡಲಾಗದಿದ್ದರೆ ನಮ್ಮ ಕಡೆಯ ಜನಕ್ಕೆ ಆ ಕೊರಗು ಜನ್ಮಪೂರ್ತಿ. ಕೊಂಕಲ್‌ನ ರೈತರು, ಕೊಡೇಕಲ್ ಕಡೆಯ ಕುರಿ ಕಾಯುವ ಹೆಂಗಸರು, ಎಲ್ಲರೂ ಚಪ್ಪಲಿ ಕಳಚಿ ಒಳಗೆ ಬರುತ್ತಿದ್ದರು. ಚಮಚ ಹಿಡಿದು ಕೊಡುವುದು ನನ್ನ ಕೆಲಸ.

"ಇದು ಐಸಿಯುನೋ, ಗುಡಿನೋ?" ಎಂದು ಮೊದಮೊದಲು ರೇಗಿದ್ದೆ.

"ಸುಮ್ಕಿರವ್ವ. ತುಟಿ ತೋಯುವಷ್ಟು ನೀರಿಗೆ ನಿನ್ನ ಮಷೀನೇನೂ ಕೆಡಂಗಿಲ್ಲ," ಎಂದಿದ್ದರು.

ಅವರ ನಿವೃತ್ತಿಗೆ ಸನ್ಮಾನ ಇಟ್ಟುಕೊಂಡಿದ್ದೆವು. ಶಹಾಪುರಕ್ಕೆ ಹೋಗಿ ಶಾಲು ಆರಿಸಿ ತಂದವಳು ನಾನೇ. ಆ ದಿನ ಬರುವ ಮೊದಲೇ, ಒಂದು ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತವರು ಎದೆ ಹಿಡಿದುಕೊಂಡು ಕುಸಿದರು. ಅವರದೇ ವಾರ್ಡಿಗೆ ಹೊತ್ತು ತಂದರು. ಅವರು ಕಲಿಸಿದ್ದನ್ನೆಲ್ಲ ಅವರ ಮೇಲೆಯೇ ಮಾಡಿ ಸೋತೆವು. ಅಯ್ಯೋ, ಎದ್ದು ಒಂದು ಸಲ ಬೈಯಬಾರದೇ ಅನ್ನಿಸಿತು.

ಹೊರಗೆ ಅವರ ಹೆಂಡತಿ, ನಾವೆಲ್ಲ ಅಕ್ಕಾರ ಎಂದು ಕರೆಯುತ್ತಿದ್ದವರು, ಕಾಯುತ್ತಿದ್ದರು. ಅವರಿಗೆ ಆ ಮಾತು ಹೇಳುವವರು ಯಾರು? ಸಾಹೇಬ್ರ ಕೈಕೆಳಗೆ ಕಲಿತ ಡಾಕ್ಟರರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬರೂ ಕದಲಲಿಲ್ಲ. ಸಿಟ್ಟು ನೆತ್ತಿಗೇರಿ ನಾನೇ ಹೋದೆ. ಅಕ್ಕಾರ ಪಕ್ಕ ನೆಲದ ಮೇಲೆ ಕೂತೆ.

"ಅಕ್ಕಾರ, ನಮ್ಮ ಕೈಲಾದದ್ದೆಲ್ಲ..." ಎಂದು ಶುರು ಮಾಡಿದೆ.

ಅವರೇ ನನ್ನ ಕೈ ಹಿಡಿದುಕೊಂಡರು. "ಮುಂದಿಂದು ನನಗ ಗೊತ್ತದ ತಂಗಿ. ಇದನ್ನ ಹೇಳಾಕಂತಲೇ ಎಷ್ಟು ಸಲ ಉಣ್ಣೂದು ಬಿಟ್ಟು ಎದ್ದು ಬಂದಾರ."

ಒಳಗೆ ಬಂದು ಗಂಡನ ತುಟಿಗೆ ನೀರು ಬಿಟ್ಟರು. ಅಳಲಿಲ್ಲ. ಆಮೇಲೆ ಚಮಚವನ್ನು ನನ್ನ ಕೈಗಿಟ್ಟರು.

"ನೀನೂ ಬಿಡು. ನನ್ನ ಕೂಡ ಇದ್ದದ್ದಕ್ಕಿಂತ ನಿಮ್ಮ ಕೂಡನೇ ಹೆಚ್ಚು ಇದ್ರು. ನೀವೂ ಅವರ ಮನಿಯವರೇ."

ಎಷ್ಟೋ ಜನರಿಗೆ ಆ ಚಮಚ ಹಿಡಿದು ಕೊಟ್ಟವಳು, ನಾನೇ ನೀರು ಬಿಟ್ಟದ್ದು ಅದೇ ಮೊದಲು. ಚಮಚ ಓರೆಯಾಗಿ ನೀರೆಲ್ಲ ಅವರ ಗದ್ದದ ಮೇಲೆ ಚೆಲ್ಲಿತು. ಇಷ್ಟು ಸಣ್ಣ ಕೆಲಸ ಕೆಡಿಸಿದ್ದಕ್ಕಾದರೂ ಬೈದಾರು ಎಂದು ಅವರ ಮುಖವನ್ನೇ ನೋಡುತ್ತ ನಿಂತೆ. ಅವರು ಬೈಯಲಿಲ್ಲ.