ನಾಲ್ಕನೆಯ ಗುಲ್‌ಮೊಹರು

೧೯೧೬ರಲ್ಲಿ ಮೂರನೆಯ ಕ್ಲಾಸಿಗೇ ನಾನು ಶಾಲೆ ಬಿಟ್ಟೆ. ಗರಗಸ ಹಿಡಿದು ದುಡಿದೆ, ಯಾರ ಮುಂದೆಯೂ ಕೈಚಾಚಲಿಲ್ಲ. ಓದು ಬರುತ್ತದೆಯೇ ಎಂದು ಕೇಳಿದವರಿಗೆಲ್ಲ ಬರುತ್ತದೆ ಎಂದೇ ಹೇಳಿದೆ. ರಸ್ತೆ ಮರಗಳ ಮಾಲಿಯವರ ಅನ್ನ ಕಳೆದದ್ದು ಆ ಮಾತು.

ಕಾವಡಿ ಹೊತ್ತು ಹೊತ್ತು ಅವರ ಬಲಭುಜದಲ್ಲಿ ಅಡಿಕೆಗಾತ್ರದ ಗಂಟು ಎದ್ದಿತ್ತು. ಸೊಂಟದಲ್ಲಿ ಗುಲ್‌ಮೊಹರಿನ ಒಣಗಿದ ಕೋಡು; ನಡೆದರೆ ಬೀಜ ಗಲಗಲ ಅನ್ನುತ್ತಿತ್ತು. ಉರ್ವದ ರಸ್ತೆ ಬದಿಯಲ್ಲಿ ಎಂಟು ಗಿಡ ನೆಟ್ಟು, ಬಾವಿಯಿಂದ ನೀರು ಹೊತ್ತು ಎಂಟನ್ನೂ ಮರ ಮಾಡಿದ್ದರು. ನಾಲ್ಕನೆಯದರ ನೆರಳಲ್ಲಿ ಬುಟ್ಟಿ ಇಳಿಸುವ ಮೀನಿನ ಹೆಂಗಸು ಕೆಣಕುತ್ತಿದ್ದಳು: "ಪರದೇಶದ ಮರ. ಹೂ ದೇವರಿಗೂ ಆಗುದಿಲ್ಲ, ಬಂಗುಡೆ ಸಾರಿಗೂ ಆಗುದಿಲ್ಲ. ಮತ್ತೆ ಎಂತಕ್ಕೆ ಇದು?"

"ನಿನ್ನ ತಲೆಗೆ ನೆರಳು ಉಂಟಲ್ಲ ಮಾರಾಯ್ತಿ, ಅದಕ್ಕೆ."

ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಾರಿಗಳಿಗೆಂದು ರಸ್ತೆ ಅಗಲ ಮಾಡಲು ಹೊರಟರು. ಎಂಟೂ ಹೋಗಬೇಕಿತ್ತು. ಮಾಲಿಯವರು ತಿಂಗಳುಗಟ್ಟಲೆ ಆಫೀಸಿನ ಮೆಟ್ಟಿಲಲ್ಲಿ ಕೂತು, ಗೆದ್ದಲು ತಿಂದ ಎಂಟನೆಯದನ್ನು ಬಿಟ್ಟುಕೊಟ್ಟು ಏಳನ್ನು ಉಳಿಸಿಕೊಂಡರು. ಮರಗಳ ಮೇಲೆ ಡಾಮರಿನಲ್ಲಿ ನಂಬ್ರ ಬರೆದದ್ದೂ ಅವರೇ, ಕನ್ನಡದಲ್ಲಿ.

ಕಡಿಯುವ ಕೆಲಸ ನನಗೆ ಬಂತು. ಓವರ್ಸಿಯರ್ ಕೊಟ್ಟ ಚೀಟಿಯಲ್ಲಿ ಒಂದೇ ಅಂಕಿ: 8. ನಾನು ಕಲಿತದ್ದು ಕನ್ನಡದ ಅಂಕಿ ಮಾತ್ರ. ಅದು ಅವಸರದಲ್ಲಿ ಬಾಯಿ ಮುಚ್ಚಿಹೋದ ೪ ಎಂದುಕೊಂಡೆ.

ಗರಗಸದ ಆಚೆ ತುದಿಯಲ್ಲಿದ್ದವನು ತಡೆದ. "ಇದು ಹಸಿ ಮರ ಅಲ್ವಾ? ಒಮ್ಮೆ ಕೇಳಿ ಬರುವ."

"ಓದಿದವ ನಾನಾ, ನೀನಾ? ಎಳಿ."

ಮುಕ್ಕಾಲು ಕೊಯ್ದಾಗ ಮಾಲಿಯವರು ಕಾವಡಿ ಎಸೆದು ಓಡಿ ಬಂದರು. ಬೈಯಲಿಲ್ಲ. "ಗರಗಸ ತೆಗೀಬೇಡ! ಹಗ್ಗ ಕಟ್ಟು! ನಿಲ್ತದೆ, ಇನ್ನೂ ನಿಲ್ತದೆ!" ಎಂದು ಕೂಗುತ್ತ ಸೀಳಿನೊಳಗೆ ಕೆಸರು ತುಂಬಿದರು, ಉಟ್ಟ ಬೈರಾಸು ಬಿಚ್ಚಿ ಸುತ್ತಿದರು. ನಾವು ಮೂವರೂ ಹಗ್ಗಕ್ಕೆ ಜೋತುಬಿದ್ದೆವು. ಮಧ್ಯಾಹ್ನ ಕಡಲ ಗಾಳಿ ಎದ್ದಿತು. ಅಂಗೈಯ ಚರ್ಮ ಕಿತ್ತುಕೊಂಡು ಹಗ್ಗ ಹೋಯಿತು. ಮರ ಹೂವಿನ ಸಮೇತ ರಸ್ತೆಗೆ ಅಡ್ಡ ಬಿತ್ತು.

ಮಾಲಿಯವರು ನಾನು ಸೊಂಟದಿಂದ ತೆಗೆದ ಚೀಟಿ ನೋಡಿದರು, ಮರದ ೪ನ್ನು ನೋಡಿದರು. ಓವರ್ಸಿಯರ್ ಬಂದು "ಯಾರದ್ದು ಇದು?" ಎಂದು ಅಬ್ಬರಿಸಿದಾಗ ಅವರೇ ಹೇಳಿದರು: "ನಂಬ್ರ ಬರೆದವ ನಾನು. ತಪ್ಪಿ ಹೋಯ್ತು."

ನಾನು ಚೀಟಿಯನ್ನು ಮುಷ್ಟಿಯೊಳಗೆ ಮುದುಡಿಕೊಂಡೆ. ಅಂದೇ ಅವರ ಕೆಲಸ ಹೋಯಿತು.

ಹೋಗುವಾಗ ಸೊಂಟದ ಕೋಡನ್ನು ನನ್ನ ಕೈಯಲ್ಲಿಟ್ಟರು. "ಬೀಜವನ್ನು ಗಂಜಿಯ ಬಿಸಿ ತೆಳಿಯಲ್ಲಿ ನೆನೆಸು. ಇಲ್ಲದಿದ್ದರೆ ಕಣ್ಣು ಬಿಡುವುದಿಲ್ಲ. ಇದೇ ಜಾಗದಲ್ಲಿ ಹಾಕು." ಮುಂದಿನ ಮಳೆಗಾಲವನ್ನು ಅವರು ಕಾಣಲಿಲ್ಲ.

ಆಮೇಲೆ ಪ್ರತಿ ಮಳೆಗೂ ಗಂಜಿಯ ತೆಳಿ ಬಸಿದು, ನೆನೆಸಿ, ಅಲ್ಲೇ ಬಿತ್ತಿದೆ. ಒಂದನ್ನು ದನ ಮೇಯಿತು, ಒಂದನ್ನು ಲಾರಿ ಅರೆಯಿತು, ಉಳಿದವು ಮೊಳೆಯಲೇ ಇಲ್ಲ.

ಈಗ ನನ್ನಲ್ಲಿ ಗರಗಸ ಮೂರು, ಕೊಡಲಿ ಎರಡು. ಓದಲು ಬರುವ ಅಂಕಿ ಕನ್ನಡದ್ದು ಹತ್ತು, ಇಂಗ್ಲಿಷಿನದ್ದು ಹತ್ತು. ಬೀಜ ಐದು. ಗಿಡ ಇಲ್ಲ.